ಕುರ್ವೆಯಲ್ಲಿ ಮನೆ ಇರುವವರು ನೆರೆಗೆ ಮುಂಚೆ ಇಟ್ಟುಕೊಳ್ಳಬೇಕಾದ ಲೆಕ್ಕ

ನಮ್ಮ ಕೊಟ್ಟಿಗೆ ಮೂಲೆಯ ಕಲ್ಲುಕಂಬದಲ್ಲಿ ಒಂಬತ್ತು ಗೆರೆ ಇವೆ. ಆರು ಗೆರೆ ನಮ್ಮ ಮಾವ ಕತ್ತಿಮೊನೆಯಲ್ಲಿ ಕೊರೆದದ್ದು. ಮೂರು ನಾನು ಬಿಳಿ ಪೇಂಟಿನಲ್ಲಿ ಎಳೆದದ್ದು. ಒಂದೊಂದು ಮಳೆಗಾಲದಲ್ಲಿ ಹೊಳೆ ನಮ್ಮ ಹಿತ್ತಲಿಗೆ ಬಂದು ಎಷ್ಟು ಎತ್ತರ ನಿಂತಿತ್ತು ಅನ್ನುವುದಕ್ಕೆ ಒಂದೊಂದು ಗೆರೆ. ನೆರೆಯ ಬಗ್ಗೆ ನನಗೆ ಗೊತ್ತಿರುವ ಅರ್ಧ ಸಂಗತಿ ಆ ಕಂಬದಿಂದ ಕಲಿತದ್ದು.

ನಾನು ಹುಟ್ಟಿದ್ದು ಘಟ್ಟದ ಮೇಲೆ, ಸಿದ್ದಾಪುರ ತಾಲೂಕಿನಲ್ಲಿ. ಮದುವೆಯಾಗಿ ಹೊನ್ನಾವರ ತಾಲೂಕಿನಲ್ಲಿ ಶರಾವತಿ ಹೊಳೆಯ ಈ ಕುರ್ವೆಗೆ ಬಂದು 31 ವರ್ಷ ಆಯಿತು. ಕುರ್ವೆ ಅಂದರೆ ಸುತ್ತಲೂ ಹೊಳೆ ಇರುವ ತಗ್ಗಿನ ನೆಲ. ಕಾರವಾರದ ಕಡೆ ಕಾಳಿ ಹೊಳೆಯಲ್ಲಿ ಇಂಥದ್ದಕ್ಕೆ ಜೂಗ ಅನ್ನುತ್ತಾರೆ. ಕುಂದಾಪುರ, ಉಡುಪಿ ಕಡೆ ಕುದ್ರು. ಹೆಸರು ಬೇರೆ, ಕಷ್ಟ ಒಂದೇ. ಎರಡು ಮೂರು ಆಳೆತ್ತರದ ದಿಬ್ಬ ಎಲ್ಲೂ ಇಲ್ಲ. ಓಡಿಹೋಗೋಣ ಅಂದರೆ ದೋಣಿ ಬೇಕು.

ಹೊಸದಾಗಿ ಮದುವೆಯಾಗಿ ಇಂಥ ಊರಿಗೆ ಬಂದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನೆರೆ ಬಂದ ದಿನ ಗಂಡಸರು ದೋಣಿ, ಬಲೆ ಅಂತ ಹೊರಗೇ ಇರುತ್ತಾರೆ. ಮನೆ, ಮಕ್ಕಳು, ಅತ್ತೆ-ಮಾವ, ದನ ಎಲ್ಲ ನಮ್ಮ ಕೈಗೇ ಬರುತ್ತದೆ. ಆ ಹೊತ್ತಿನಲ್ಲಿ ಯಾರನ್ನೋ ಕೇಳಿ ತಿಳಿದುಕೊಳ್ಳಲು ಆಗುವುದಿಲ್ಲ.

ಮೊದಲು ಉಬ್ಬರದ ಲೆಕ್ಕ

ನಾನು ಬಂದ ಹೊಸತರಲ್ಲಿ ಜೋರು ಮಳೆ ಬಂದರೆ ಹೆದರುತ್ತಿದ್ದೆ. ಮಳೆ ಬಿಟ್ಟರೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಮಾವ ಹೇಳಿದರು, “ಮಳೆ ಎಷ್ಟು ಬಂತು ಅಂತ ಕೇಳಬೇಡ ತಂಗಿ. ಉಬ್ಬರ ಎಷ್ಟೊತ್ತಿಗೆ ಅಂತ ಕೇಳು.”

ಅದು ಅರ್ಥ ಆಗಲು ನನಗೆ ಎರಡು ಮಳೆಗಾಲ ಬೇಕಾಯಿತು. ನಮ್ಮ ಕುರ್ವೆಗೆ ನೀರು ಮೂರು ಕಡೆಯಿಂದ ಬರುತ್ತದೆ. ಒಂದು, ಘಟ್ಟದ ಮಳೆ. ಎರಡು, ಅಣೆಕಟ್ಟಿನಿಂದ ಬಿಟ್ಟ ನೀರು. ಮೂರು, ಸಮುದ್ರ. ಮೊದಲಿನ ಎರಡು ಮೇಲಿನಿಂದ ಇಳಿಯುತ್ತವೆ. ಮೂರನೆಯದು ಕೆಳಗಿನಿಂದ ಬಾಗಿಲು ಹಾಕುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಉಬ್ಬರ ಇರುವಾಗ ಹೊಳೆ ನೀರು ಸಮುದ್ರಕ್ಕೆ ಸಲೀಸಾಗಿ ಹೋಗುವುದಿಲ್ಲ. ಅಲ್ಲೇ ತಡೆದು ಹಿಂದಕ್ಕೆ ಏರುತ್ತದೆ. ಏರಿದ ನೀರು ಮೊದಲು ಹತ್ತುವುದು ನಮ್ಮಂಥ ತಗ್ಗಿನ ಹಿತ್ತಲಿಗೆ. ಅದರ ಮೇಲೆ ಪಡುಗಾಳಿ ಜೋರಾಗಿ ಬೀಸುತ್ತಿದ್ದರೆ ಇಳಿತದ ಹೊತ್ತಿನಲ್ಲೂ ನೀರು ಪೂರ್ತಿ ಇಳಿಯುವುದಿಲ್ಲ.

ಉಬ್ಬರದ ಹೊತ್ತು ತಿಳಿಯಲು ಪಂಚಾಂಗ ಇದ್ದರೆ ಸಾಕು. ನಮ್ಮ ಧಕ್ಕೆಯಲ್ಲಿ, ಅಂದರೆ ದೋಣಿ ಹತ್ತಿ ಇಳಿಯುವ ಕಟ್ಟೆಯಲ್ಲಿ, ಅಮಾವಾಸ್ಯೆ, ಹುಣ್ಣಿಮೆ ದಿನ ನೀರು ತುಂಬುವುದು ಮಧ್ಯಾಹ್ನ ಹನ್ನೆರಡರ ಆಸುಪಾಸು, ಆಮೇಲೆ ನಡುರಾತ್ರಿ. ಅಲ್ಲಿಂದ ತಿಥಿಗೆ ಎರಡು ಗಳಿಗೆ ತಡ. ಒಂದು ಗಳಿಗೆ ಅಂದರೆ 24 ನಿಮಿಷ, ಎರಡು ಗಳಿಗೆ ಅಂದರೆ 48 ನಿಮಿಷ. ಚೌತಿ ದಿನ ಎಂಟು ಗಳಿಗೆ ತಡ, ಅಂದರೆ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ. ಅಷ್ಟಮಿಗೆ ಸಂಜೆ ಆರೂವರೆ ಹತ್ತಿರ. ಹದಿನೈದು ತಿಥಿ ಕಳೆದರೆ ಮತ್ತೆ ಹನ್ನೆರಡಕ್ಕೇ ಬಂದು ನಿಲ್ಲುತ್ತದೆ. ನಿಮ್ಮ ಧಕ್ಕೆಯಲ್ಲಿ ಹೊತ್ತು ಬೇರೆ ಇರಬಹುದು. ಅಳಿವೆಗೆ ಹತ್ತಿರ ಇದ್ದರೆ ಬೇಗ, ದೂರ ಇದ್ದರೆ ತಡ. ಒಂದು ಅಮಾವಾಸ್ಯೆ ದಿನ ಗಡಿಯಾರ ಹಿಡಿದು ಧಕ್ಕೆಯಲ್ಲಿ ಕೂತು ನೋಡಿ. ನೀರು ಏರುವುದು ನಿಂತು, ತೇಲುವ ಕಸಕಡ್ಡಿ ಆಚೆಗೂ ಹೋಗದೆ ಈಚೆಗೂ ಬರದೆ ನಿಂತ ಹೊತ್ತನ್ನು ಬರೆದಿಡಿ. ಆಮೇಲೆ ವರ್ಷವಿಡೀ ಲೆಕ್ಕ ಸಿಗುತ್ತದೆ. ಹೊಳೆಯಲ್ಲಿ ತುಂಬ ನೆರೆ ಇದ್ದ ದಿನ ಈ ಹೊತ್ತು ಸ್ವಲ್ಪ ಆಚೀಚೆ ಆಗುತ್ತದೆ. ಏರುವ ಹೊತ್ತು ಕಮ್ಮಿ, ಇಳಿಯುವ ಹೊತ್ತು ಜಾಸ್ತಿ.

ಎಲ್ಲಕ್ಕಿಂತ ದೊಡ್ಡ ಉಬ್ಬರ ಅಮಾವಾಸ್ಯೆ, ಹುಣ್ಣಿಮೆ ದಿನವೇ ಬರಬೇಕೆಂದಿಲ್ಲ. ಮಾರನೇ ದಿನ ಪಾಡ್ಯ, ಬಿದಿಗೆಗೆ ಬರುವುದೇ ಜಾಸ್ತಿ. ಅಷ್ಟಮಿ, ನವಮಿಗೆ ಉಬ್ಬರ ಸಣ್ಣದು.

ಇನ್ನೊಂದು ಸಂಗತಿ ಜೀವಕ್ಕೆ ಸಂಬಂಧಿಸಿದ್ದು. ನೀರು ಏರುವ ಆರು ಗಂಟೆಯಲ್ಲಿ ಮೊದಲ ಒಂದು ಗಂಟೆ ಏರಿದ್ದೇ ಗೊತ್ತಾಗುವುದಿಲ್ಲ. ಮೂರನೇ ಮತ್ತು ನಾಲ್ಕನೇ ಗಂಟೆ, ಈ ಎರಡರಲ್ಲೇ ಅರ್ಧದಷ್ಟು ಏರಿಬಿಡುತ್ತದೆ. “ಇನ್ನೂ ಮೆಟ್ಟಿಲ ಹತ್ತಿರಾನೂ ಬಂದಿಲ್ಲ” ಅಂತ ಅಡುಗೆ ಮಾಡುತ್ತಾ ಕೂತವರು ಮೋಸ ಹೋಗುವುದು ಈ ಎರಡು ಗಂಟೆಯಲ್ಲಿ.

ನನ್ನ ಕಂಬದ ಎರಡು ಗೆರೆ ಇದನ್ನು ಚೆನ್ನಾಗಿ ತೋರಿಸುತ್ತವೆ. 2019ರ ಆಗಸ್ಟ್ ಮೊದಲ ವಾರ ನಮ್ಮ ಜಿಲ್ಲೆಯಲ್ಲಿ ಸುರಿದ ಮಳೆ ನೆನಪಿದೆ ಅಲ್ವಾ? ದಿನಗಟ್ಟಲೆ ಬಿಡಲೇ ಇಲ್ಲ. ಆದರೆ ಅದು ಶುಕ್ಲಪಕ್ಷದ ಅಷ್ಟಮಿ ಆಸುಪಾಸಿನ ದಿನಗಳು. ಉಬ್ಬರ ಸಣ್ಣದು. ನಮ್ಮ ಹಿತ್ತಲಿಗೆ ಬಂದ ನೀರು ಪ್ರತಿ ಇಳಿತಕ್ಕೂ ಒಂದು ಗೇಣು ಇಳಿಯುತ್ತಿತ್ತು. 2021ರ ಜುಲೈ 22, 23ಕ್ಕೆ ಮಳೆ ಬಂದಾಗ ಹುಣ್ಣಿಮೆ ಹೊಸ್ತಿಲಲ್ಲಿತ್ತು. 24ಕ್ಕೆ ಗುರುಪೂರ್ಣಿಮೆ. ಅದೇ ಮಳೆಗೆ ಯಲ್ಲಾಪುರ ಹತ್ತಿರ ಗುಳ್ಳಾಪುರದ ಸೇತುವೆ ಗಂಗಾವಳಿ ಹೊಳೆಯಲ್ಲಿ ಕೊಚ್ಚಿಹೋಯಿತು. ನಮ್ಮಲ್ಲಿ ಮಳೆಯ ದಿನ ಕಮ್ಮಿ, ಆದರೆ ಗೆರೆ ಮೇಲೆ. ಇಳಿತದ ಹೊತ್ತಿನಲ್ಲೂ ನೀರು ಅಂಗಳ ಬಿಟ್ಟು ಹೋಗಲಿಲ್ಲ. 2019ರ ಮಳೆಯೇ ಹುಣ್ಣಿಮೆಗೆ ಬಂದಿದ್ದರೆ ನಮ್ಮ ಕೊಟ್ಟಿಗೆ ಉಳಿಯುತ್ತಿರಲಿಲ್ಲ.

ಹಾಗಾಗಿ ಮೇ ಕೊನೆಯಲ್ಲಿ ನಾನು ಮಾಡುವ ಮೊದಲ ಕೆಲಸ ಇದು. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರತಿ ಅಮಾವಾಸ್ಯೆ, ಹುಣ್ಣಿಮೆ ಹಿಡಿದು ಮುಂದಿನ ಮೂರು ದಿನಕ್ಕೆ ಕೆಂಪು ಸುತ್ತು ಹಾಕುತ್ತೇನೆ. ಆ ದಿನಗಳಲ್ಲಿ ಮನೆಯಲ್ಲಿ ಒಬ್ಬರಾದರೂ ದೋಣಿ ನಡೆಸಲು ಬರುವವರು ಇರಬೇಕು. ಮದುವೆ, ಮುಂಜಿ, ಆಸ್ಪತ್ರೆ ಏನೇ ಇದ್ದರೂ ಕೆಂಪು ಸುತ್ತು ನೋಡಿಯೇ ಹೊರಡುವುದು.

ಕಂಬಕ್ಕೆ ಗೆರೆ, ಗೆರೆಗೆ ಕೆಲಸ

ನಿಮ್ಮ ಮನೆಯಲ್ಲಿ ಇಂಥ ಕಂಬ ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ಮಾಡಿಕೊಳ್ಳಿ. ಹಿತ್ತಲಿನಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಹುಡುಕಿ. ನೀರು ಮೊದಲು ಬರುವುದು ಅಲ್ಲಿಗೆ. ಅಲ್ಲೊಂದು ಕಲ್ಲುಕಂಬ ನಿಲ್ಲಿಸಿ, ಇಲ್ಲವೇ ತೆಂಗಿನ ಮರಕ್ಕೇ ಪೇಂಟ್ ಹಚ್ಚಿ. ಬುಡದಿಂದ ಅರ್ಧರ್ಧ ಅಡಿಗೆ ಒಂದು ಗೆರೆ.

ಆಮೇಲೆ ಗಾರೆ ಕೆಲಸದವರ ಹತ್ತಿರ ಇರುವ ನೀರುಮಟ್ಟದ ಪೈಪು ತನ್ನಿ. ಒಳಗಿನ ನೀರು ಕಾಣುವ ಸಣ್ಣ ಪ್ಲಾಸ್ಟಿಕ್ ಪೈಪು ಅದು. ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ನೀರು ತುಂಬಿ, ಗುಳ್ಳೆ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ. ಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ. ಪೈಪಿನ ಒಂದು ತುದಿ ಕಂಬದ ಗೆರೆಗೆ ಹಿಡಿಯಿರಿ, ಇನ್ನೊಂದು ತುದಿ ಬಾವಿಕಟ್ಟೆಗೆ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಗೆ ಗೊತ್ತಾಯಿತು, ಕಂಬದಲ್ಲಿ ಎಷ್ಟನೇ ಗೆರೆಗೆ ನೀರು ಬಂದರೆ ಬಾವಿ ಮುಳುಗುತ್ತದೆ ಅಂತ. ಹಾಗೇ ಕೊಟ್ಟಿಗೆ ನೆಲ, ಜಗಲಿ, ಪಾಯಖಾನೆ ಗುಂಡಿ, ಕರೆಂಟ್ ಮೀಟರು, ದೋಣಿ ಕಟ್ಟುವ ಗೂಟ, ಅಕ್ಕಪಕ್ಕದ ಮನೆಗಳ ಹೊಸ್ತಿಲು, ಶಾಲೆಯ ಜಗಲಿ. ನಾನು ಮತ್ತು ನನ್ನ ಮಗ ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಹನ್ನೊಂದು ಮನೆ ಮುಗಿಸಿದೆವು.

ಆ ದಿನ ಒಂದು ವಿಷಯ ಕಣ್ಣಿಗೆ ಬಿತ್ತು. ಊರಲ್ಲಿ ಎಲ್ಲರೂ “ನೆರೆ ಬಂದರೆ ಶಾಲೆಗೆ ಹೋದರಾಯಿತು” ಅಂತಲೇ ನಂಬಿದ್ದರು. ಪೈಪು ಹಿಡಿದು ನೋಡಿದರೆ ಶಾಲೆಯ ಜಗಲಿ ನಮ್ಮ ಜಗಲಿಗಿಂತ ನಾಲ್ಕು ಬೆರಳು ಮಾತ್ರ ಎತ್ತರ! ಹೋಗುವ ದಾರಿಯಂತೂ ನಮ್ಮ ಅಂಗಳಕ್ಕಿಂತ ತಗ್ಗು. ನೀರು ಬಂದಮೇಲೆ ಆ ದಾರಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಶಾಲೆಗೆ ಹೋಗುವುದು ಅಂದರೆ ಇನ್ನೂ ಆಳದ ನೀರಿಗೆ ಇಳಿಯುವುದು. ಆಮೇಲೆ ನಾವು ಶಾಲೆಯ ಮಾತು ಬಿಟ್ಟೆವು. ಮೊದಲೇ ಹೊಳೆ ದಾಟುವುದು ಅಂತ ನಿಶ್ಚಯ ಮಾಡಿದೆವು. ದಯವಿಟ್ಟು ನಿಮ್ಮ ಊರಿನ ಶಾಲೆ, ದೇವಸ್ಥಾನ, ಸಮುದಾಯ ಭವನ ಯಾವುದನ್ನೂ ಪೈಪು ಹಿಡಿಯದೆ ನಂಬಬೇಡಿ.

ಮಟ್ಟ ಗೊತ್ತಾದ ಮೇಲೆ ಒಂದೊಂದು ಗೆರೆಗೆ ಒಂದೊಂದು ಕೆಲಸ ಕಟ್ಟಿಹಾಕಿ. ನಮ್ಮಲ್ಲಿ ಹೀಗಿದೆ. ನೀರು ಮೊದಲ ಗೆರೆ ಮುಟ್ಟಿದರೆ ದನದ ಹಗ್ಗ ಬಿಚ್ಚುವುದು, ಕುಡಿಯುವ ನೀರು ತುಂಬಿಡುವುದು, ಫೋನ್ ಚಾರ್ಜಿಗೆ ಹಾಕುವುದು. ಎರಡನೇ ಗೆರೆಗೆ ಮುದುಕರು, ಬಸುರಿಯರು, ಬಾಣಂತಿಯರು, ಚಿಕ್ಕಮಕ್ಕಳು ದೋಣಿ ಹತ್ತಬೇಕು. ಮೂರನೇ ಗೆರೆಗೆ ಮೇನ್ ಸ್ವಿಚ್ ಆಫ್, ಎಲ್ಲರೂ ಹೊರಗೆ. ನಾಲ್ಕನೆಯದಕ್ಕೆ ಕೆಲಸ ಇಟ್ಟಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರಬಾರದು. ಹೀಗೆ ಮೊದಲೇ ಒಪ್ಪಿಕೊಂಡಿದ್ದರೆ ನೆರೆಯ ರಾತ್ರಿ ವಾದ ಆಗುವುದಿಲ್ಲ. “ಇನ್ನೂ ಸ್ವಲ್ಪ ನೋಡೋಣ” ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ನಮ್ಮಲ್ಲಿ ಅದು ಅತ್ತೆ. ಅವರಿಗೂ ಗೆರೆ ತೋರಿಸಿದರೆ ಸುಮ್ನೆ ಎದ್ದು ಬರುತ್ತಿದ್ದರು.

ಹಗ್ಗ ಬಿಚ್ಚುವುದನ್ನು ಮೊದಲ ಗೆರೆಗೇ ಇಟ್ಟದ್ದಕ್ಕೆ ಕಾರಣ ಇದೆ. ನಾನು ಬಂದ ನಾಲ್ಕನೇ ವರ್ಷ ಒಂದು ರಾತ್ರಿ ಎರಡು ಗಂಟೆಗೆ ದನ ಕೂಗಿದ್ದು ಕೇಳಿ ಎದ್ದೆ. ಜಗಲಿಯಿಂದ ಕೆಳಗೆ ಕಾಲಿಟ್ಟರೆ ತಣ್ಣಗೆ ಮೊಣಕಾಲಿಗೆ ನೀರು. ಕೊಟ್ಟಿಗೆಗೆ ಹೋದೆ. ದೊಡ್ಡ ಹಸುವಿನ ಹೊಟ್ಟೆ ಮುಳುಗಿತ್ತು. ಅದರ ಹಗ್ಗ ಹೇಗೋ ಬಿಚ್ಚಿದೆ. ಕರುವಿಗೆ ಕಟ್ಟಿದ್ದು ನಾರಿನ ಹಗ್ಗ. ನೆನೆದು ಗಂಟು ಕಲ್ಲಾಗಿತ್ತು. ಕತ್ತಿ ಹುಡುಕಿದೆ, ಇಟ್ಟ ಜಾಗದಲ್ಲಿ ಇರಲಿಲ್ಲ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಉಗುರಿನಲ್ಲಿ ಗಂಟು ಬಿಡಿಸುತ್ತಿದ್ದೆ. ಕರು ನನ್ನ ತೋಳಿಗೆ ಮೂತಿ ಒತ್ತಿಕೊಂಡು ನಿಂತಿತ್ತು. ಗಂಟು ಬಿಡಲಿಲ್ಲ. ಕತ್ತಿ ಸಿಕ್ಕಿ ತರುವಷ್ಟರಲ್ಲಿ ಕರು ಉಳಿಯಲಿಲ್ಲ.

ಆವತ್ತಿನಿಂದ ಕೊಟ್ಟಿಗೆಯ ತೊಲೆಗೆ ಒಂದು ಕತ್ತಿ ಸದಾ ಸಿಕ್ಕಿಸಿರುತ್ತದೆ. ಅದನ್ನು ಹುಲ್ಲಿಗೆ, ಸೊಪ್ಪಿಗೆ ಯಾರೂ ಮುಟ್ಟುವ ಹಾಗಿಲ್ಲ. ಮಳೆಗಾಲದಲ್ಲಿ ದನ ಕಟ್ಟುವುದು ಎಳೆದರೆ ಬಿಚ್ಚುವ ಗಂಟಿನಲ್ಲಿ ಮಾತ್ರ. ದನ ಈಜುತ್ತದೆ. ಬಿಟ್ಟರೆ ತಾನೇ ದಿಬ್ಬ ಹುಡುಕಿಕೊಳ್ಳುತ್ತದೆ. ಕಟ್ಟಿದ್ದರೆ ಸಾಯುತ್ತದೆ. ಕೆಂಪು ಸುತ್ತಿನ ದಿನ ಜೋರು ಮಳೆ ಇದೆ ಅಂತ ಗೊತ್ತಾದರೆ ಹಗಲಲ್ಲೇ ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ದನಗಳನ್ನು ಆಚೆ ದಡಕ್ಕೆ ಸಾಗಿಸಿಬಿಡಿ.

ಯಾವ ಸುದ್ದಿಗೆ ಕಿವಿ ಕೊಡಬೇಕು

ಹವಾಮಾನ ಇಲಾಖೆಯ ಬಣ್ಣಗಳನ್ನು ತಿಳಿದುಕೊಳ್ಳಿ. ರೆಡ್ ಅಲರ್ಟ್ ಅಂದರೆ ಒಂದೇ ದಿನದಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಸಂಭವ. ಆರೆಂಜ್ ಅಂದರೆ 115ಕ್ಕಿಂತ ಜಾಸ್ತಿ. ಆದರೆ ಅದು ಬರೀ ಮಳೆಯ ಮಾತು. ಆರೆಂಜ್ ಅಲರ್ಟ್ ಬಂದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತೂ ಇದ್ದರೆ ಅದನ್ನು ನಾನು ರೆಡ್ ಅಂತಲೇ ತಿಳಿಯುತ್ತೇನೆ.

ಸಮುದ್ರದ ಸುದ್ದಿ ಕೊಡುವುದು ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್. ಎತ್ತರದ ಅಲೆಯ ಎಚ್ಚರಿಕೆ ಅಲ್ಲಿಂದ ಬರುತ್ತದೆ. ನಮ್ಮಲ್ಲಿ ಗಾಳಿಮಳೆ ಏನೂ ಇಲ್ಲದಿದ್ದರೂ ದೂರದ ಸಮುದ್ರದಲ್ಲಿ ಎದ್ದ ಅಲೆ ಬಂದು ದಡಕ್ಕೆ ನುಗ್ಗುವುದುಂಟು. ಅಳಿವೆಯ ಹತ್ತಿರ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಚಂಡಮಾರುತದ ದಿನ ಇನ್ನೂ ಕಷ್ಟ. ಗಾಳಿ ನೀರನ್ನು ದಡಕ್ಕೆ ತಳ್ಳುತ್ತದೆ, ವಾಯುಭಾರ ಕುಸಿದಷ್ಟೂ ಸಮುದ್ರದ ಮಟ್ಟವೇ ಮೇಲೇಳುತ್ತದೆ. 2021ರ ಮೇ 15ರ ಹೊತ್ತಿಗೆ ತೌಕ್ತೆ ನಮ್ಮ ಕರಾವಳಿ ಬದಿಯಲ್ಲೇ ಹಾದುಹೋಯಿತು. ಆ ವರ್ಷ ಮೇ 11ಕ್ಕೇ ಅಮಾವಾಸ್ಯೆ ಕಳೆದಿತ್ತು, ದೊಡ್ಡ ಉಬ್ಬರದ ದಿನಗಳು ಆಗಿಹೋಗಿದ್ದವು. ಅಷ್ಟು ಪುಣ್ಯ.

ಅಣೆಕಟ್ಟಿನ ಲೆಕ್ಕ ಬೇರೆಯೇ. ನಮ್ಮ ಹೊಳೆಯ ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟು ತುಂಬಿದ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಮಟ್ಟವನ್ನು ದಿನಾ ಪ್ರಕಟಿಸುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ಜುಲೈನಿಂದ ನಾನು ಅದನ್ನು ಕ್ಯಾಲೆಂಡರಿನಲ್ಲೇ ಬರೆಯುತ್ತಾ ಹೋಗುತ್ತೇನೆ. ಇವತ್ತು ಎಷ್ಟು ಅನ್ನುವುದಕ್ಕಿಂತ ನಿನ್ನೆಗಿಂತ ಎಷ್ಟು ಏರಿತು ಅನ್ನುವುದು ಮುಖ್ಯ. 1819ಕ್ಕೆ ಹತ್ತಿರ ಬಂದು, ದಿನಕ್ಕೆ ಒಂದೆರಡು ಅಡಿ ಏರುತ್ತಾ ಇದ್ದರೆ ಗೇಟು ತೆಗೆಯುವ ದಿನ ದೂರ ಇಲ್ಲ. ಸುದ್ದಿಯಲ್ಲಿ ಕ್ಯೂಸೆಕ್ ಅನ್ನುತ್ತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರು, ಹೆಚ್ಚುಕಮ್ಮಿ ಎರಡು ಕೊಡ ನೀರು. ಐವತ್ತು ಸಾವಿರ ಕ್ಯೂಸೆಕ್ ಅಂದರೆ ಒಂದೊಂದು ಸೆಕೆಂಡಿಗೂ ಲಕ್ಷ ಕೊಡ ಅಂದುಕೊಳ್ಳಿ. ಕೆಳಗಿನ ಗೇರುಸೊಪ್ಪೆ ಅಣೆಕಟ್ಟಿನಿಂದ ಅದು ನಮ್ಮ ಕಡೆಗೆ ಇಳಿಯುತ್ತದೆ. ಅದು ಬರುವಾಗ ಇಲ್ಲಿ ಉಬ್ಬರವೋ ಇಳಿತವೋ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ನನಗೆ ಇನ್ನೊಂದು ಮೂಲ ಇದೆ, ನಮ್ಮ ಅಕ್ಕ. ಅವಳ ಮನೆ ಜೋಗದ ಹತ್ತಿರ, ಮಾವಿನಗುಂಡಿ ಕಡೆ. ಅಂಗಳದಲ್ಲಿ ನೇರ ಅಂಚಿನ ಒಂದು ಡಬ್ಬಿ ಇಟ್ಟಿದ್ದಾಳೆ. ಬೆಳಿಗ್ಗೆ ಎದ್ದು ಸ್ಕೇಲು ಅದ್ದಿ ನೋಡಿ, “ಇವತ್ತು ಹದಿನಾಲ್ಕು ಸೆಂಟಿಮೀಟರು” ಅಂತ ಫೋನ್ ಮಾಡುತ್ತಾಳೆ. ಹದಿನಾಲ್ಕು ಸೆಂಟಿಮೀಟರು ಅಂದರೆ 140 ಮಿಲಿಮೀಟರು. ಅವಳ ಅಂಗಳಕ್ಕೆ ಬಿದ್ದ ಮಳೆ ನನ್ನ ಹಿತ್ತಲಿಗೆ ಬರುವ ಮುಂಚೆ ನನಗೆ ಸುದ್ದಿ ಸಿಕ್ಕಿರುತ್ತದೆ. ನಿಮ್ಮ ಹೊಳೆಯ ಮೇಲ್ಭಾಗದಲ್ಲಿ ನೆಂಟರೋ ಗುರುತಿನವರೋ ಇದ್ದೇ ಇರುತ್ತಾರೆ. ಈ ಬೇಸಿಗೆಯಲ್ಲಿ ಅವರಿಗೊಂದು ಡಬ್ಬಿ ಕೊಟ್ಟು ಬನ್ನಿ. ಅಘನಾಶಿನಿಯ ಹಾಗೆ ಅಣೆಕಟ್ಟೇ ಇಲ್ಲದ ಹೊಳೆಯವರಿಗಂತೂ ಇದು ತುಂಬ ಉಪಯೋಗ. ಅಲ್ಲಿ ಬಿದ್ದ ಮಳೆಯೆಲ್ಲ ನೇರ ಇಳಿಯುತ್ತದೆ.

ಮನೆಯಲ್ಲಿ ಏನು ತಯಾರಿರಬೇಕು

ಇದನ್ನು ಉದ್ದ ಎಳೆಯುವುದಿಲ್ಲ. ಬಾಯಿಗೆ ಬಿಗಿ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡ್ರಮ್ಮು ಸಾಕು. ಒಳಗೆ ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು, ಬಂಗಾರ ಅಡವಿಟ್ಟ ಚೀಟಿ. ಎರಡು ದಿನದ ಮಾತ್ರೆ, ಸಕ್ಕರೆ ಕಾಯಿಲೆ, ಬಿಪಿಯವರದ್ದು ಮರೆಯದೆ. ಟಾರ್ಚು, ಬೆಂಕಿಪೆಟ್ಟಿಗೆ, ಅವಲಕ್ಕಿ, ಬೆಲ್ಲ, ಒಂದೊಂದು ಜೊತೆ ಬಟ್ಟೆ. ಮುಚ್ಚಳ ಹಾಕಿದ ಡ್ರಮ್ಮು ನೀರಿನಲ್ಲಿ ತೇಲುತ್ತದೆ, ಕೈಬಿಟ್ಟರೂ ಮುಳುಗುವುದಿಲ್ಲ. ಕಾಗದಪತ್ರದ ಫೋಟೋ ತೆಗೆದು ಬೇರೆ ಊರಲ್ಲಿರುವ ಮಕ್ಕಳಿಗೂ ಕಳಿಸಿಡಿ.

ಸ್ವಿಚ್ ಬೋರ್ಡುಗಳನ್ನು ನೆಲದಿಂದ ನಾಲ್ಕೂವರೆ ಅಡಿ ಮೇಲೆ ಹಾಕಿಸಿ. ಅಕ್ಕಿ, ಬೀಜದ ಭತ್ತ ಅಟ್ಟದ ಮೇಲೆ. ಗ್ಯಾಸ್ ಸಿಲಿಂಡರನ್ನು ಕಂಬಕ್ಕೆ ಸರಪಳಿಯಲ್ಲಿ ಕಟ್ಟಿ. ಖಾಲಿ ಆಗುತ್ತಾ ಬಂದ ಸಿಲಿಂಡರು ತೇಲಿ ಗೋಡೆಗೆ ಬಡಿಯುತ್ತದೆ. ಫೋನಿನಲ್ಲಿ 1077, 112, 108 ಇರಲಿ. 1077 ಜಿಲ್ಲೆಯ ವಿಪತ್ತು ಕೇಂದ್ರದ್ದು. ಫೋನು ಸತ್ತರೆ ಅಂತ ಅಡುಗೆಮನೆ ಬಾಗಿಲ ಹಿಂದೆ ಬಳಪದಲ್ಲೂ ಬರೆದಿಡಿ.

ಹೊಳೆ ದಾಟುವುದು

ನೆರೆಯ ಹೊಳೆಯಲ್ಲಿ ಸಣ್ಣ ದೋಣಿ ಹಾಕುವುದು ಸುಮ್ಮನೆ ಮಾತಲ್ಲ. ಅತಿ ಅಪಾಯದ ಹೊತ್ತು ಇಳಿತದ ನಡುಭಾಗ. ಹೊಳೆಯ ಸೆಳೆತ, ಇಳಿತದ ಸೆಳೆತ ಎರಡೂ ಕೂಡಿ ದೋಣಿಯನ್ನು ಅಳಿವೆಗೆ ಎಳೆಯುತ್ತವೆ. ಅಳಿವೆಯಲ್ಲಿ ಮರಳದಿಬ್ಬದ ಮೇಲೆ ಅಲೆ ಒಡೆಯುತ್ತಿರುತ್ತದೆ, ಅಲ್ಲಿಗೆ ಹೋದ ದೋಣಿ ಉಳಿಯುವುದು ಕಷ್ಟ. ಉಬ್ಬರ ತುಂಬುತ್ತಾ ಬಂದು ನೀರು ನಿಲ್ಲುವ ಹೊತ್ತಿಗೆ ಸೆಳೆತ ಕಮ್ಮಿ ಆಗುತ್ತದೆ. ಆಗಲೇ ದಾಟಬೇಕು. ಹಗಲಿದ್ದಾಗ, ನೀರು ಎರಡನೇ ಗೆರೆಗಿಂತ ಕೆಳಗಿದ್ದಾಗ ಬರುವ ನಿಂತ ನೀರನ್ನು ಬಿಡಬೇಡಿ. ಮುಂದಿನದು ಹನ್ನೆರಡು ಗಂಟೆ ಆದಮೇಲೆ, ಅದು ರಾತ್ರಿ ಇರಬಹುದು. ದೊಡ್ಡ ನೆರೆಯಲ್ಲಿ ನೀರು ನಿಲ್ಲುವುದೇ ಇಲ್ಲ, ಅಂಥ ದಿನ ದೋಣಿಗೆ ಕೈಹಾಕದೆ 112ಕ್ಕೆ ಫೋನ್ ಮಾಡಿ, ಅಟ್ಟ ಹತ್ತಿ ಕಾಯಿರಿ. ಅಟ್ಟದಿಂದ ಹೆಂಚು ಸರಿಸಿ ಹೊರಗೆ ಬರಲು ದಾರಿ ಇರಬೇಕು.

ದೋಣಿಗೆ ಮೇಲಿನಿಂದ ತೇಲಿಬರುವ ಮರ ಬಡಿಯುತ್ತದೆ. ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಮುಂದೆ ಕೂತು ಗಳ ಹಿಡಿದು ಹೊಳೆಯ ಮೇಲ್ಭಾಗವನ್ನೇ ನೋಡುತ್ತಿರಬೇಕು. ಲೈಫ್ ಜಾಕೆಟ್ ಇಲ್ಲದಿದ್ದರೆ ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಎರಡನ್ನು ಹಗ್ಗದಲ್ಲಿ ಜೋಡಿಸಿ ಮಕ್ಕಳ ಕಂಕುಳಡಿ ಕಟ್ಟಿ. ಜಾಕೆಟ್ಟಿಗೆ ಸಮ ಅಲ್ಲ, ಬರಿಗೈಗಿಂತ ಎಷ್ಟೋ ಮೇಲು.

ನೀರು ಇಳಿದ ಮೇಲೆ

ಮನೆ ತೊಳೆಯುವ ಮೊದಲು ಫೋಟೋ ತೆಗೆಯಿರಿ. ಗೋಡೆಯ ಮೇಲಿನ ಕೆಸರಿನ ಗೆರೆ, ನೆನೆದ ಅಕ್ಕಿ ಚೀಲ, ಬಿದ್ದ ಗೋಡೆ, ಸತ್ತ ದನ ಎಲ್ಲದರದ್ದೂ. ಪಂಚನಾಮೆಗೆ ಬಂದವರು ತೊಳೆದ ಮನೆ ನೋಡಿದರೆ ಏನು ಬರೆದುಕೊಳ್ಳುತ್ತಾರೆ? ಒಂದು ವರ್ಷ ನಾನು ಗಡಿಬಿಡಿಯಲ್ಲಿ ಎಲ್ಲ ತೊಳೆದು ಒಣಗಿಸಿ ಕೂತಿದ್ದೆ. ಪರಿಹಾರದ ಪಟ್ಟಿಯಲ್ಲಿ ನಮ್ಮ ಮನೆ ಇರಲಿಲ್ಲ. ಕರೆಂಟು ಬಂದರೂ ಮೇನ್ ಹಾಕಬೇಡಿ. ವಯರಿಂಗ್ ಗೊತ್ತಿರುವವರು ನೋಡಿದ ಮೇಲೆಯೇ ಹಾಕಿ. ಕೆಸರಲ್ಲಿ ಬರಿಗಾಲಲ್ಲಿ ಓಡಾಡಬೇಡಿ, ಕಾಲಲ್ಲಿ ಗಾಯ ಇದ್ದರೆ ಇಲಿಜ್ವರ ಬರುತ್ತದೆ. ಜ್ವರ, ಮೀನಖಂಡದ ನೋವು ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ನೆರೆನೀರಲ್ಲಿ ಓಡಾಡಿದ್ದನ್ನು ಹೇಳಿ.

ಬಾವಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಂಥ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಇರುತ್ತದೆ, ಹಾಲಿನ ಮೇಲೆ ಕೆನೆ ಇದ್ದ ಹಾಗೆ. ಪಂಪು ಹಾಕಿ ಒಂದೇ ಸಲ ಜಾಸ್ತಿ ಎಳೆದರೆ ಕೆನೆ ತೆಳುವಾಗಿ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಹಾಗೆ ಬಂದ ಉಪ್ಪು ಬೇಗ ಹೋಗುವುದಿಲ್ಲ. ಮಳೆಗಾಲದ ನೆರೆನೀರು ಕೆಸರು, ಆದರೆ ಸಪ್ಪೆ. ಮೇ ತಿಂಗಳ ತೂಫಾನು, ಬೇಸಿಗೆಯ ದೊಡ್ಡ ಉಬ್ಬರ ತರುವುದು ಉಪ್ಪು. ಶರಾವತಿಯಲ್ಲಿ ಕರೆಂಟು ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಇಳಿಯುವುದರಿಂದ ನಮಗೆ ಉಪ್ಪಿನ ಕಾಟ ಅಘನಾಶಿನಿಯವರಷ್ಟು ಇಲ್ಲ.

ಮುಳುಗಿದ ಬಾವಿಯನ್ನು ಕೊಡಪಾನದಲ್ಲಿ, ಒಂದೆರಡು ದಿನದಲ್ಲಿ ಮೆಲ್ಲಗೆ ಖಾಲಿ ಮಾಡಿ. ಕೆಸರು ತೆಗೆದು, ಹೊಸ ನೀರು ಬಂದಮೇಲೆ ಬ್ಲೀಚಿಂಗ್ ಪೌಡರ್ ಹಾಕಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಬಾವಿಯಲ್ಲಿ ಎಷ್ಟು ನೀರಿದೆ ಅಂತ ತಿಳಿಯಲು ಬಾವಿಯ ಅಡ್ಡಗಲವನ್ನು ಅಡ್ಡಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ, ಎಲ್ಲ ಮೀಟರಿನಲ್ಲಿ. ನಮ್ಮದು ಎರಡು ಮೀಟರ್ ಅಗಲ, ಮೂರು ಮೀಟರ್ ನೀರು, ಅಂದರೆ ಸುಮಾರು 9,400 ಲೀಟರು. ಅದಕ್ಕೆ 24 ಗ್ರಾಂ ಪೌಡರ್. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿನೀರು ಮಾತ್ರ ಬಾವಿಗೆ ಹಾಕಿ. ಕೊಡಪಾನ ನಾಲ್ಕಾರು ಸಲ ಇಳಿಸಿ ಏರಿಸಿ ಕಲಕಿ, ರಾತ್ರಿಯಿಡೀ ಬಿಡಿ. ನೆರೆ ಆದ ಮೊದಲ ಸಲ ಎಷ್ಟು ಜಾಸ್ತಿ ಹಾಕಬೇಕು ಅನ್ನುವುದನ್ನು ಆರೋಗ್ಯ ಕೇಂದ್ರದವರನ್ನು ಕೇಳಿ ಹಾಕಿ. ಆಮೇಲೂ ಒಂದು ತಿಂಗಳು ಕುದಿಸಿಯೇ ಕುಡಿಯಿರಿ. ಪೌಡರ್ ಉಪ್ಪನ್ನು ತೆಗೆಯುವುದಿಲ್ಲ. ಅದಕ್ಕೆ ಮಳೆಯೇ ಮದ್ದು. ಹೆಂಚಿನ ಮಾಡಿನ ನೀರನ್ನು ಜಲ್ಲಿ, ಮರಳಿನ ಗುಂಡಿಯ ಮೂಲಕ ಬಾವಿ ಬದಿಗೆ ಇಂಗಿಸಿ.

ದಂಡೆ

ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರುತ್ತಾ ಬಂದಿದೆ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. 25 ವರ್ಷಕ್ಕೆ ಲೆಕ್ಕ ಹಾಕಿ, ಎಂಟು ಸೆಂಟಿಮೀಟರು. ನಾಲ್ಕು ಬೆರಳಗಲಕ್ಕಿಂತ ಕಮ್ಮಿ ಇಲ್ಲ. ನಮ್ಮ ಜಗಲಿಗೂ ಶಾಲೆಯ ಜಗಲಿಗೂ ಇರುವ ವ್ಯತ್ಯಾಸ ಅಷ್ಟೇ ಅಲ್ವಾ? ಮಾವ ಕೊರೆದ ಗೆರೆಗಳನ್ನು ನಾನು ಹಾಗೇ ನಂಬುವಂತಿಲ್ಲ. ಅದೇ ಮಳೆ, ಅದೇ ತಿಥಿ ಬಂದರೂ ಈಗ ನೀರು ಅವರ ಗೆರೆಗಿಂತ ಮೇಲೆ ನಿಲ್ಲುತ್ತದೆ. ಹೊಸ ಮನೆ ಕಟ್ಟುವವರು ಅಡಿಪಾಯವನ್ನು ಎಲ್ಲಕ್ಕಿಂತ ಮೇಲಿನ ಗೆರೆಗಿಂತ ಎರಡು ಅಡಿ ಎತ್ತರಿಸಿ. ಖರ್ಚು ಆಗುತ್ತದೆ, ಗೊತ್ತು. ಚಿರೆಕಲ್ಲಿನ ಎರಡು ಮೂರು ವರಸೆ ಜಾಸ್ತಿ ಬೇಕು. ಟೈಲ್ಸು ಮುಂದಿನ ವರ್ಷ ಹಾಕಿಸಿದರೂ ನಡೆಯುತ್ತದೆ.

ಹೊಳೆ ಬದಿಯ ದಂಡೆಯನ್ನು ಬರೀ ಕಲ್ಲಿನಿಂದ ಕಟ್ಟಿದ ಕಡೆ ಕಲ್ಲಿನ ಬುಡ ಕೊರೆದು ಹೋಗಿದ್ದನ್ನು ನೋಡಿದ್ದೇನೆ. ಮುಂದೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಇದ್ದ ಕಡೆ ಮಣ್ಣಿನ ದಂಡೆಯೂ ನಿಂತಿದೆ. ಅದರ ಬೇರು ಕೆಸರನ್ನು ಹಿಡಿಯುತ್ತದೆ, ಅಲೆಯ ಹೊಡೆತ ತಿನ್ನುತ್ತದೆ. ಸೌದೆಗೆ, ಸೊಪ್ಪಿಗೆ ಅದನ್ನು ಕಡಿಯಬೇಡಿ. ಮಳೆಗಾಲದಲ್ಲಿ ಅದರ ಉದ್ದ ಕೋಲಿನಂಥ ಬೀಜ ತೇಲಿ ಬಂದು ಧಕ್ಕೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಹಸಿರಾಗಿ, ಗಟ್ಟಿಯಾಗಿ ಇರುವುದನ್ನು ಆರಿಸಿ. ಚೂಪು ತುದಿ ಕೆಳಗೆ ಮಾಡಿ, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಕಾಣುವ ಕೆಸರಿನಲ್ಲಿ ಒಂದು ಗೇಣು ಚುಚ್ಚಿ. ಎರಡು ಹೆಜ್ಜೆಗೆ ಒಂದು, ದಂಡೆ ಉದ್ದಕ್ಕೂ ಮೂರು ಸಾಲು. ಬಲೆ, ದೋಣಿ ತಾಗದ ಹಾಗೆ ಬಿದಿರು ಗೂಟ ನೆಡಿ. ಮೊದಲ ವರ್ಷ ಅರ್ಧಕ್ಕರ್ಧ ಹೋಗುತ್ತವೆ. ಹೋದ ಜಾಗಕ್ಕೆ ಮುಂದಿನ ಮಳೆಗಾಲ ಮತ್ತೆ ಚುಚ್ಚಿ.